ಬ್ರೇಕಕ್ಕನ ಭಾನುವಾರ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಆ ಎರಡನೇ ಬ್ರೇಕಿನ ಮೇಲೆ ವರ್ಷಗಳಿಂದ ಕಾಲಿಟ್ಟುಕೊಂಡು ಕೂತವಳೇ ನಮ್ಮ ಬ್ರೇಕಕ್ಕ. ಈ ಹೆಸರನ್ನು ಮೊದಲು ಯಾರು ಇಟ್ಟರೋ ಏನೋ, ಕಲಿತು ಹೋದವರೆಲ್ಲ ಹಾಗೇ ಕರೆಯುತ್ತಾರೆ. ರಸ್ತೆಯಲ್ಲಿ ಕಂಡರೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಬ್ರೇಕಕ್ಕಾ!" ಅಂತ ಕೂಗುತ್ತಾರೆ. ಪ್ರೀತಿಯಿಂದ ಕೂಗಿದ್ದಾರಲ್ಲ ಅಂತ ಅವಳು ನಗುತ್ತಾಳೆ ಅಂದುಕೊಂಡರೆ ತಪ್ಪು. "ತಲೆ ಒಳಗೆ ಹಾಕೋ! ಮುಂದೆ ನೋಡ್ಕೊಂಡು ಓಡ್ಸು!" ಅಂತ ನಡುರಸ್ತೆಯಲ್ಲೇ ಗದರುತ್ತಾಳೆ. ಆಮೇಲೆ ಅವರು ತಿರುವು ದಾಟಿ ಹೋದ ಮೇಲೆ ಒಬ್ಬಳೇ ನಗುತ್ತಾಳೆ.

ಅವಳ ಹತ್ತಿರ ಎಂಥೆಂಥವರು ಬರುತ್ತಾರೆ ಗೊತ್ತಾ! ಸ್ಟೀರಿಂಗ್ ಹಿಡಿದ ತಕ್ಷಣ ಗಂಡನ ಮೇಲಿನ ಸಿಟ್ಟೆಲ್ಲ ಆಕ್ಸಿಲರೇಟರ್ ಮೇಲೆ ತೀರಿಸಿಕೊಳ್ಳುವ ಹೆಂಗಸು. ಗೇರು ಬದಲಿಸುವಾಗ ಪ್ರತಿ ಸಲವೂ "ಸಾರಿ" ಅನ್ನುವ ಲೆಕ್ಕಿಗ. ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುವ ಕ್ಷೌರದಂಗಡಿಯವನು ಒಬ್ಬ ಇದ್ದ.

"ಏನಪ್ಪಾ, ಗಡ್ಡ ಹೆರಿಯೋವಾಗ್ಲೂ ಹೀಗೇ ಕಣ್ಮುಚ್ಕೊಳ್ತೀಯಾ?" ಅಂದಳು ಬ್ರೇಕಕ್ಕ.

"ಗಡ್ಡ ಎದುರುಗಡೆಯಿಂದ ಓಡ್ಕೊಂಡು ಬರಲ್ವಲ್ಲಕ್ಕ!" ಅಂದ ಅವನು.

ಅವನಿಗೂ ಕಲಿಸಿದಳು. ಈಗ ಅವನು ವ್ಯಾನು ಓಡಿಸುತ್ತಾನೆ, ಕಣ್ಣು ಬಿಟ್ಟುಕೊಂಡೇ.

ಅವಳಿಗೆ ಡೈರಿ ಬರೆಯುವ ಅಭ್ಯಾಸ ಹತ್ತಿದ್ದೂ ಈ ಕೆಲಸದಿಂದಲೇ. ಹೊಸದಾಗಿ ಸೇರಿದಾಗ ಒಬ್ಬ ನರ್ಸ್ ಹುಡುಗಿಗೆ ಕಲಿಸುತ್ತಿದ್ದಳು. ಪಾಪ, ಹುಡುಗಿ ಹೆದರಬಾರದು ಅಂತ ಎಲ್ಲ ಕಡೆಯೂ ತಾನೇ ಬ್ರೇಕ್ ಒತ್ತಿದಳು. ಎಷ್ಟು ಒತ್ತಿದಳೆಂದರೆ, ಕೋರ್ಸು ಮುಗಿದು ಮೊದಲ ಸಲ ಒಬ್ಬಳೇ ಓಡಿಸಿದ ದಿನ ಆ ಹುಡುಗಿ ಗಾಡಿ ತಂತಾನೇ ನಿಲ್ಲುತ್ತದೆ ಅಂತ ನಂಬಿ ಸೀದಾ ಗೇಟಿಗೆ ಹೋಗಿ ಗುದ್ದಿದಳು. ಗೇಟು ಬಿಟ್ಟರೆ ಯಾರಿಗೂ ಏಟಾಗಲಿಲ್ಲ. ಆದರೆ ಬ್ರೇಕಕ್ಕನ ಮನಸ್ಸಿಗೆ ಅದು ಚೆನ್ನಾಗಿ ನಾಟಿತು. ಅವತ್ತಿನಿಂದ ಒಂದು ಕ್ಲಾಸು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ಟೀರಿಂಗಿಗೆ ಡೈರಿ ಒರಗಿಸಿಕೊಂಡು ಮೂರು ಸಾಲು ಬರೆಯತೊಡಗಿದಳು: ಎಲ್ಲಿ ಒತ್ತಿದೆ, ಯಾಕೆ ಒತ್ತಿದೆ, ಒತ್ತಬೇಕಿತ್ತಾ. ಮೊದಲೆರಡು ಸಾಲು ಬರೆಯುವುದು ಸುಲಭ. ಮೂರನೆಯದಕ್ಕೆ ಪೆನ್ನಿನ ತುದಿ ಕಚ್ಚಬೇಕು.

ಬರೆಯುವ ಚಟ ಅಂಟಿದರೆ ಮೂರು ಸಾಲಿಗೆ ನಿಲ್ಲುತ್ತದಾ? ಮೆಲ್ಲಗೆ ಮನೆಯ ವಿಷಯವೂ ಒಳಗೆ ನುಸುಳಿತು. "ಇವತ್ತು ಅಮ್ಮ ಹೇಳದೆ ಕೇಳದೆ ಬಂದಳು. ಸಿಂಕ್ ತಿಕ್ಕಿ ತೊಳೆದಳು. ತುಂಬಾ ಸಿಟ್ಟು ಬಂತು. ಸಿಂಕ್ ಮಾತ್ರ ಫಳಫಳ ಅಂತಿದೆ." ಹೀಗೆ. ಆ ಡೈರಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಎಲ್ಲರ ಕಣ್ಣೆದುರೇ ಬಿದ್ದಿರುತ್ತಿತ್ತು. ಕಲಿಯಲು ಬಂದವರು ಬೇಕಾದರೆ ಓದಬಹುದಿತ್ತು, ಯಾರೂ ಓದಲಿಲ್ಲ. ಅವರ ಜೀವವೇ ಅವರ ಕೈಯಲ್ಲಿರುವಾಗ ಇನ್ನೊಬ್ಬರ ಸಿಂಕಿನ ಕಥೆ ಯಾರಿಗೆ ಬೇಕು!

ಅಮ್ಮನ ವಿಷಯಕ್ಕೆ ಬರೋಣ. ಬ್ರೇಕಕ್ಕ ಇಪ್ಪತ್ತನಾಲ್ಕರ ಹರೆಯದಲ್ಲಿ ಮನೆ ಬಿಟ್ಟು ಬಂದವಳು. ಜಗಳ ಗಿಗಳ ಏನಿಲ್ಲ. "ನನಗೆ ನನ್ನದೇ ಒಂದು ಬಾಗಿಲು ಬೇಕು, ಅದನ್ನು ನಾನೇ ಹಾಕ್ಕೋಬೇಕು, ನಾನೇ ತೆಗೀಬೇಕು" ಅಂತ ಪಟ್ಟು ಹಿಡಿದಳು. ಅಪ್ಪ ನಕ್ಕು ಸುಮ್ಮನಾದರು. ಅಮ್ಮ ಮುಖ ಊದಿಸಿಕೊಂಡಳು, ಅತ್ತಳು, ಅಷ್ಟಕ್ಕೂ ಮಗಳು ಹೋದದ್ದು ಎಲ್ಲಿಗೆ? ಎರಡು ಬೀದಿ ಆಚೆಗೆ! ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗೆ. ಕಿಟಕಿಯಿಂದ ಬಗ್ಗಿದರೆ ಪಂಕ್ಚರ್ ನೋಡುವ ನೀರಿನ ತೊಟ್ಟಿ ಕಾಣುತ್ತದೆ, ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ಬ್ರೇಕಕ್ಕನಿಗೆ ಆ ಜಾಗವೆಂದರೆ ಪ್ರಾಣ. ಒಂಟಿ ಕುರ್ಚಿ, ಒಂಟಿ ಮೇಜು, ರೇಡಿಯೋ, ಬೇಕಾದಾಗ ಊಟ, ಬೇಡವಾದರೆ ಬರೀ ಬ್ರೆಡ್ಡು. ಒಂದೆರಡು ಕಡೆಯಿಂದ ಮದುವೆ ಮಾತು ಬಂತು. ಒಬ್ಬನ ಜೊತೆ ಎರಡು ವರ್ಷ ಓಡಾಡಿದ್ದೂ ಉಂಟು. ಒಳ್ಳೆಯವನೇ, ಆದರೆ ಕಾರಿನಲ್ಲಿ ಅವಳ ಪಕ್ಕ ಕೂತು ಅವಳಿಗೇ ಡ್ರೈವಿಂಗ್ ಹೇಳಿಕೊಡುತ್ತಿದ್ದ. ಎಷ್ಟು ದಿನ ಅಂತ ತಡೆದುಕೊಳ್ಳುವುದು ಹೇಳಿ!

ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಕಡೆ ಮನೆಯಲ್ಲಿ ಒಬ್ಬಳೇ, ಮಗಳು ಈ ಕಡೆ ಒಬ್ಬಳೇ. ವಾರವಿಡೀ ಇಬ್ಬರಿಗೂ ಕಿತ್ತಾಟ. ಯಾಕೆ ಸಣ್ಣಗಾಗಿದೀಯ, ಯಾಕೆ ಫೋನ್ ಎತ್ತಲಿಲ್ಲ, ಯಾಕೆ ಬಾಗಿಲಿಗೆ ಚಿಲಕ ಹಾಕ್ಕೊಂಡು ಮಲಗಿದೀಯ, ನಾನು ಹೊರಗಡೆಯಿಂದ ತೆಗೀಬೇಕಂದ್ರೆ ಹೇಗೆ. "ನೀನು ಹೊರಗಡೆಯಿಂದ ತೆಗೀಬಾರದು ಅಂತಾನೇ ಚಿಲಕ ಇರೋದಮ್ಮಾ!" ಹೀಗೆ ಶನಿವಾರದವರೆಗೆ. ಭಾನುವಾರ ಮಾತ್ರ ಬೇರೆ.

ಭಾನುವಾರ ಬೆಳಿಗ್ಗೆ ಬ್ರೇಕಕ್ಕ ಅಪ್ಪನ ಹಳೇ ನೀಲಿ ಕಾರು ತೆಗೆದು ಅಮ್ಮನನ್ನು ಕೂರಿಸಿಕೊಂಡು ದೊಡ್ಡಮ್ಮನ ಊರಿಗೆ ಹೋಗುವುದು. ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಮಂಡಿ ನೋವಿನಿಂದ ಮನೆ ಬಿಟ್ಟು ಹೊರಡುವುದಿಲ್ಲ, ಇಸ್ಪೀಟು ಕೊಟ್ಟರೆ ಮಾತ್ರ ಕೂತಲ್ಲೇ ಸಿಂಹಿಣಿ. ಎರಡು ಗಂಟೆ ದಾರಿ. ಆ ಎರಡು ಗಂಟೆ ತಾಯಿ ಮಗಳು ಇಬ್ಬರೂ ಮುಂದೆ ನೋಡಿಕೊಂಡು ಕೂರುವುದರಿಂದಲೋ ಏನೋ, ಮುಖ ನೋಡಿದರೆ ಜಗಳವಾಗುವ ಮಾತುಗಳೆಲ್ಲ ಅಲ್ಲಿ ಸಲೀಸಾಗಿ ಬರುತ್ತಿದ್ದವು. ಅಪ್ಪನ ನೆನಪು, ಹಳೇ ಸಿಟ್ಟು, ನಗು. ನಡುನಡುವೆ ಅಮ್ಮ ರಸ್ತೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವುದು. "ಮುಂದೆ ತಿರುವಿದೆ. ಟೈರು ಅಂಗಡಿ. ಹಲ್ಲಿನ ಡಾಕ್ಟ್ರು." ಬ್ರೇಕಕ್ಕನಿಗೆ ವಾರದಲ್ಲಿ ಬೇಕಾಗಿದ್ದ ಅಮ್ಮ ಅಂದರೆ ಆ ಎರಡು ಗಂಟೆಯ ಅಮ್ಮ.

ಹಾಗಿರುವಾಗ ಒಂದು ದಿನ ದೊಡ್ಡಮ್ಮನ ಮನೆಯಿಂದ ವಾಪಸು ಬರುವಾಗ ಅಮ್ಮ ಕಿಟಕಿ ಆಚೆ ನೋಡುತ್ತಾ ಅಂದಳು, "ನಾನೂ ಗಾಡಿ ಕಲೀತೀನಿ ಕಣೇ."

ಬ್ರೇಕಕ್ಕ ತಮಾಷೆ ಅಂದುಕೊಂಡು ನಕ್ಕಳು.

"ನಗೋದಕ್ಕೇನಿದೆ? ನಿಮ್ಮಪ್ಪ ಇದ್ದಾಗ ಅವರಿಗೆ ಪುರುಸೊತ್ತಾದಾಗ ಹೋಗ್ತಿದ್ದೆ. ಈಗ ನಿನಗೆ ಪುರುಸೊತ್ತಾದಾಗ ಹೋಗ್ತೀನಿ. ನಂಗೆ ಬುಧವಾರ ಹೋಗಬೇಕು ಅನ್ನಿಸಿದ್ರೆ? ಅಕ್ಕನ ಹತ್ರ ಎರಡು ದಿನ ಉಳ್ಕೋಬೇಕು ಅನ್ನಿಸಿದ್ರೆ? ನಾನೇ ಗಾಡಿ ತಗೊಂಡು ಹೋಗಿ ಬರ್ತೀನಿ."

"ಅರವತ್ತೊಂದಮ್ಮಾ ನಿಂಗೆ."

"ಗೊತ್ತು, ನೀನು ಹುಟ್ಟೋಕ್ಮುಂಚಿನಿಂದ ನಾನೇ ಎಣಿಸ್ಕೊಂಡು ಬಂದಿದೀನಿ. ಊರಿಗೆಲ್ಲ ಕಲಿಸ್ತೀಯ, ನಂಗೆ ಕಲಿಸೋಕೇನು ರೋಗ?"

ಮುಂದಿನ ಸೋಮವಾರವೇ ಪಾಠ ಶುರುವಾಯಿತು.

ಅಮ್ಮ ಕಲಿಯುವುದನ್ನು ನೋಡಬೇಕಿತ್ತು ನೀವು! ಸೀಟು ಎಷ್ಟು ಮುಂದೆ ಎಳೆದುಕೊಂಡಳೆಂದರೆ ಮೂಗು ಗಾಜಿಗೆ ತಾಗುವುದೊಂದು ಬಾಕಿ. ಕ್ಲಚ್ಚು ಬಿಡುವಾಗ ಉಸಿರು ಹಿಡಿಯುವಳು, ಗಾಡಿ ಹೊರಟ ಮೇಲೆ ಬಿಡುವಳು. ಅಡ್ಡ ಬಂದ ಸ್ಕೂಟರಿನವನಿಗೆ "ಹೋಗಪ್ಪಾ, ಹೋಗು, ನಿಂಗೇ ಅರ್ಜೆಂಟು" ಅಂತ ಕೈ ತೋರಿಸಿ ಕಳಿಸುವಳು. ಬೋರ್ಡು ಓದುವುದನ್ನಂತೂ ಬಿಡಲೇ ಇಲ್ಲ. ಆದರೆ ಮೂರು ವಾರದಲ್ಲಿ ಕೈ ಕೂತಿತು. ತಪ್ಪು ಹೇಳಿದರೆ ಬೇರೆಯವರ ಹಾಗೆ ಮುಖ ಸಣ್ಣ ಮಾಡಿಕೊಳ್ಳುತ್ತಿರಲಿಲ್ಲ. "ಹೌದಾ, ಇನ್ನೊಂದ್ಸಲ" ಅನ್ನುತ್ತಿದ್ದಳು, ಅಷ್ಟೇ.

ತೊಂದರೆ ಇದ್ದದ್ದು ಪಕ್ಕದ ಸೀಟಿನಲ್ಲಿ. ಅಮ್ಮ ಓಡಿಸುವಾಗ ಹಸು ಕಂಡರೆ ಬ್ರೇಕಕ್ಕನ ಕಾಲು ಒತ್ತುತ್ತಿತ್ತು, ಆಟೋ ಕಂಡರೆ ಒತ್ತುತ್ತಿತ್ತು, ಏನೂ ಕಾಣದಿದ್ದರೂ ಒಂದು ಧೈರ್ಯಕ್ಕೆ ಅಂತ ಒತ್ತುತ್ತಿತ್ತು. ಅಮ್ಮ ಮೊದಮೊದಲು ತನ್ನ ಕಾಲೇ ತಪ್ಪಿತೇನೋ ಅಂದುಕೊಳ್ಳುತ್ತಿದ್ದಳು. ಆಮೇಲೆ ಗೊತ್ತಾಯಿತು.

"ನಿನ್ನ ಕಾಲಾ ಅದು?"

"ಸೇಫ್ಟಿಗಮ್ಮಾ."

"ಯಾರ ಸೇಫ್ಟಿಗೆ?"

"ನಿಂದೇ! ಇನ್ಯಾರ್ದು?"

ಡೈರಿಯಲ್ಲಿ ಆ ದಿನಗಳ ಪುಟ ತೆಗೆದರೆ ಎಲ್ಲಿ, ಯಾಕೆ ಅನ್ನುವ ಸಾಲುಗಳು ತುಂಬಿವೆ. ಮೂರನೇ ಸಾಲಿನ ಜಾಗ ಖಾಲಿ. ಅವಳು ಅದನ್ನು ಬರೆಯುವುದೇ ಬಿಟ್ಟಿದ್ದಳು. ಕ್ಲಾಸುಗಳು ಜಾಸ್ತಿಯಾದವು, ಟೈಮಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಲೈಸೆನ್ಸ್ ಪರೀಕ್ಷೆಯ ದಿನ ಬಂತು. ಆ ಊರಿನ ಪರೀಕ್ಷೆಗೆ ಒಂದು ಕ್ರಮವಿದೆ. ಕಲಿಸಿದವರು ಎಂದಿನ ಹಾಗೆ ಪಕ್ಕದಲ್ಲೇ ಕೂರಬಹುದು, ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಆದರೆ ಕಲಿಸುವವರ ಬ್ರೇಕಿಗೆ ಒಂದು ಪೀಪಿ ಸೇರಿಸಿರುತ್ತಾರೆ. ಕಾಲು ತಾಗಿತೋ, ಪೀಂ ಅನ್ನುತ್ತದೆ. ಪೀಂ ಅಂದರೆ ಫೇಲು. ವಾದ ಇಲ್ಲ, ವಿವಾದ ಇಲ್ಲ. ಇಷ್ಟು ವರ್ಷದಲ್ಲಿ ಬ್ರೇಕಕ್ಕ ಪರೀಕ್ಷೆಯಲ್ಲಿ ಒಂದು ಸಲವೂ ಪೀಂ ಅನ್ನಿಸಿದವಳಲ್ಲ. ಕಣ್ಣು ಮುಚ್ಚುವ ಕ್ಷೌರದವನ ಪರೀಕ್ಷೆಯಲ್ಲೂ ಇಲ್ಲ!

ಅಮ್ಮ ಅವತ್ತು ಚೆಂದ ಓಡಿಸಿದಳು. ಏರಿನಲ್ಲಿ ನಿಲ್ಲಿಸಿ ಹೊರಡಿಸಿದಳು, ಒಂದಿಂಚೂ ಹಿಂದೆ ಜಾರಲಿಲ್ಲ. ರಿವರ್ಸ್ ತೆಗೆದಳು. ಬೋರ್ಡುಗಳನ್ನು ಕೂಡ ಮನಸ್ಸಿನಲ್ಲೇ ಓದಿಕೊಂಡಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಇನ್ನೇನು ಬೇಕರಿ ತಿರುವು ದಾಟಿದರೆ ಮುಗಿಯಿತು. ಅಲ್ಲಿ ಫುಟ್‌ಪಾತಿನ ಮೇಲೆ ಒಂದು ಕಂದು ನಾಯಿ ನಿಂತು ಈ ಕಡೆ ನೋಡಿತು. ಅಷ್ಟೇ, ನೋಡಿತು.

ಪೀಂ.

ನಾಯಿ ಕಾರನ್ನು ಒಂದು ಸಲ ನೋಡಿ ಅಲ್ಲೇ ಮಲಗಿತು. ಇನ್ಸ್‌ಪೆಕ್ಟರು ಹಿಂದಿನಿಂದ ಗಂಟಲು ಸರಿಮಾಡಿಕೊಂಡು, "ಚೆನ್ನಾಗೇ ಓಡಿಸಿದ್ರಿ ಅಮ್ಮಾ. ಮುಂದಿನ ತಿಂಗಳು ಬನ್ನಿ" ಅಂದರು. ಇಳಿಯುವಾಗ ಬ್ರೇಕಕ್ಕನ ಕಡೆ ನೋಡಿ, "ಏನ್ ಮೇಡಂ, ನೀವಾ?" ಅಂದರು. ಆ 'ನೀವಾ' ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಮನೆ ತಲುಪಿದ ಮೇಲೆ ಅಮ್ಮ ಇಳಿದು, ಬಾಗಿಲು ಮೆತ್ತಗೆ ಹಾಕಿ, ಕಿಟಕಿಯೊಳಗೆ ಬಗ್ಗಿ ಅಂದಳು, "ನಾಯಿ ನಂಗೂ ಕಾಣಿಸಿತ್ತು ಕಣೇ."

"ಅಮ್ಮಾ, ಅದು ಹಾರಿಬಿಟ್ಟಿದ್ರೆ..."

"ಹಾರಿದ್ರೆ ನಾನೇ ಒತ್ತುತಿದ್ದೆ. ಕಾಲು ಆಗ್ಲೇ ಅಲ್ಲಿತ್ತು." ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಾಳೆಯಿಂದ ನಾನು ಹಾರ್ನ್ ಮೇಷ್ಟ್ರ ಹತ್ರ ಕಲೀತೀನಿ."

ಹಾರ್ನ್ ಮೇಷ್ಟ್ರು ಅದೇ ಸ್ಕೂಲಿನಲ್ಲಿ ಕಲಿಸುವ ಇನ್ನೊಬ್ಬರು. ದನಿ ಹಾರ್ನಿಗಿಂತ ಜೋರು. ಪಕ್ಕದ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಎರಡೂ ಕಾಲು ಸೀಟಿನ ಮೇಲೆ! ಬ್ರೇಕು ಕೆಳಗೆ ಅನಾಥವಾಗಿ ಬಿದ್ದಿರುತ್ತದೆ. ಏನಿದ್ದರೂ ಬಾಯಲ್ಲೇ ನಿಲ್ಲಿಸುತ್ತಾರೆ. ಈ ಕೂರುವ ಶೈಲಿಯ ಮೇಲೆ ಬ್ರೇಕಕ್ಕನಿಗೂ ಅವರಿಗೂ ವರ್ಷಗಳಿಂದ ಜಟಾಪಟಿ. ಊರಿನಲ್ಲಿ ಇಷ್ಟು ಜನ ಇರುವಾಗ ಅಮ್ಮ ಹೋಗಿ ಹೋಗಿ ಅವರ ಹತ್ತಿರ!

ಮರುದಿನ ಬೆಳಿಗ್ಗೆ ಸ್ಕೂಲಿನ ಅಂಗಳದಲ್ಲಿ ಅಮ್ಮ ಮೇಷ್ಟ್ರ ಕಾರು ಹತ್ತುವುದನ್ನು ಬ್ರೇಕಕ್ಕ ತನ್ನ ಕಾರಿನಿಂದಲೇ ನೋಡಿದಳು.

"ಏನಮ್ಮಾ, ನಿಮ್ಮಮ್ಮನ್ನ ನಾನು ಕದ್ಕೊಂಡೆ ಅಂತ ಬೇಜಾರೇನು?" ಅಂದರು ಮೇಷ್ಟ್ರು, ಬೀದಿಗೆಲ್ಲ ಕೇಳುವ ಹಾಗೆ.

"ಕಾಲು ಕೆಳಗಿಟ್ಕೊಂಡು ಕಲ್ಸಿ ಮೇಷ್ಟ್ರೇ, ಅಷ್ಟು ಸಾಕು."

"ಕಾಲು ಕೆಳಗಿಟ್ಟೋರ ಹತ್ರ ಕಲಿತಾಯ್ತಲ್ಲಮ್ಮಾ ಅವ್ರು!"

ಅಮ್ಮ ನಕ್ಕುಬಿಟ್ಟಳು. ನಕ್ಕಳಲ್ಲ ಅಂತ ಬ್ರೇಕಕ್ಕನಿಗೆ ಇನ್ನೂ ಉರಿಯಿತು.

ಆ ಭಾನುವಾರ ದೊಡ್ಡಮ್ಮನ ಊರಿಗೆ ಹೋದಾಗ ಕಾರಿನಲ್ಲಿ ಎರಡು ಗಂಟೆಯೂ ರೇಡಿಯೋ ಒಂದೇ ಮಾತಾಡಿದ್ದು. ಅಮ್ಮ ಬೋರ್ಡನ್ನೂ ಓದಲಿಲ್ಲ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮಧ್ಯಾಹ್ನ ಕಲಿಯುವವರೊಬ್ಬರು ಜ್ವರ ಅಂತ ಬರಲಿಲ್ಲ. ಬ್ರೇಕಕ್ಕ ಮೈದಾನದ ಅಂಚಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಸ್ಟೀರಿಂಗಿಗೆ ಡೈರಿ ಒರಗಿಸಿದಳು. ಪರೀಕ್ಷೆಯ ದಿನದ್ದು ಇನ್ನೂ ಬರೆದೇ ಇರಲಿಲ್ಲ. ಎಲ್ಲಿ: ಬೇಕರಿ ತಿರುವು. ಯಾಕೆ: ನಾಯಿ. ಒತ್ತಬೇಕಿತ್ತಾ:

'ಹೌದು' ಅಂತ ಬರೆದಳು. ಹೊಡೆದು ಹಾಕಿ 'ಇಲ್ಲ' ಅಂತ ಬರೆದಳು. ಆಮೇಲೆ ಮೇಲಿನ ಸಾಲಿಗೆ ಹೋಗಿ 'ನಾಯಿ' ಅನ್ನುವುದನ್ನೂ ಹೊಡೆದಳು. ನಾಯಿ ಪಾಪ ಏನು ಮಾಡಿತ್ತು? ಅದರ ಜಾಗದಲ್ಲಿ ಬರೆದಳು: "ಅಮ್ಮ ಪಾಸಾದರೆ ಭಾನುವಾರ ನನಗೇನು ಉಳಿಯುತ್ತೆ?"

ಬರೆದ ಮೇಲೆ ಅವಳಿಗೇ ನಾಚಿಕೆಯಾಯಿತು. ಆದರೆ ಪೆನ್ನು ನಿಲ್ಲಲಿಲ್ಲ.

"ನಾನು ಮನೆ ಬಿಟ್ಟಿದ್ದು ಅಮ್ಮ ಬೇಡ ಅಂತ ಅಲ್ಲ. ಯಾರೂ ಬೇಡ ಅನ್ನೋದು ನನ್ನ ಆಸೆ ಆಗಿರಲೇ ಇಲ್ಲ. ಅಮ್ಮ ಇರಲಿ, ಆದರೆ ಒಂಚೂರು ಅತ್ತ ಸರಿದು ಕೂರಲಿ ಅಂತ ಅಷ್ಟೇ. ಅದನ್ನು ಹೇಳೋಕೆ ಬರದೆ ಬಾಗಿಲು, ಚಿಲಕ ಅಂತೆಲ್ಲ ಕೂಗಾಡಿದೆ. ಅಮ್ಮನೂ ಈಗ ಅದನ್ನೇ ಕೇಳ್ತಿದ್ದಾಳೆ. ಕೂಗಾಡದೆ ಕೇಳ್ತಿದ್ದಾಳೆ. ನಾನು ಮಾತ್ರ ಒಂದಿಂಚೂ ಸರೀತಿಲ್ಲ. ನನಗೆ ಬೇಕಾದಾಗ ಅಮ್ಮ ದೂರ ಇರಬೇಕು, ಬೇಕಾದಾಗ ಪಕ್ಕದ ಸೀಟಿನಲ್ಲಿ ಇರಬೇಕು. ಇದು ಯಾವ ನ್ಯಾಯ?"

ಬರೆದು ಮುಗಿಸಿ ಕಾರು ಸ್ಟಾರ್ಟ್ ಮಾಡಿದವಳು ಸೀದಾ ಅಮ್ಮನ ಮನೆಗೇ ಹೋದಳು. ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಬ್ರೇಕಕ್ಕ ಎದುರು ಕೂತು ತಾನೂ ಒಂದು ಹಿಡಿ ಎಳೆದುಕೊಂಡು ಸುಲಿಯತೊಡಗಿದಳು.

"ನಾಯಿಗೆ ಹೆದರಿ ಒತ್ತಲಿಲ್ಲಮ್ಮಾ ನಾನು."

"ಗೊತ್ತು."

"ಏನ್ ಗೊತ್ತು?"

"ನಿಂಗೆ ನಾಯಿ ಕಂಡ್ರೆ ಯಾವತ್ತು ಹೆದರಿಕೆ ಇತ್ತು? ಚಿಕ್ಕೋಳಿದ್ದಾಗ ಬೀದಿ ನಾಯಿನೆಲ್ಲ ಎತ್ಕೊಂಡು ಬರ್ತಿದ್ದೆ."

ಬ್ರೇಕಕ್ಕ ಒಂದು ಬಟಾಣಿ ಬಾಯಿಗೆ ಹಾಕಿಕೊಂಡಳು. "ನೀನು ಒಬ್ಬಳೇ ಹೋಗೋ ಹಾಗಾದ್ರೆ, ಭಾನುವಾರ ನಾವಿಬ್ರೂ ಕೂತು ಮಾತಾಡೋದು ಹೋಗಿಬಿಡುತ್ತಲ್ಲಾ ಅಂತ... ನಂಗೆ ಅದೊಂದೇ ಇರೋದು."

ಅಮ್ಮನ ಕೈ ನಿಂತಿತು. ಮಗಳನ್ನು ಈಗ ನೋಡಿದಳು. "ಇದನ್ನ ಹೇಳೋಕೆ ಪರೀಕ್ಷೆ ಫೇಲ್ ಮಾಡಿಸ್ಬೇಕಿತ್ತಾ?"

"ಆಗ ನಂಗೇ ಗೊತ್ತಿರ್ಲಿಲ್ಲ."

"ನೀನು ಬೇರೆ ಮನೆ ಮಾಡ್ತೀನಿ ಅಂದಾಗ ನಾನೇನ್ ಮಾಡ್ದೆ ಹೇಳು."

"ಅತ್ತೆ."

"ಅತ್ತೆ. ಮೂಗು ಸೋರೋ ಹಾಗೆ ಅತ್ತೆ. ಆದ್ರೆ ನಿನ್ನ ಹಾಸಿಗೆ ತಲೆ ಮೇಲೆ ಹೊತ್ಕೊಂಡು ಎರಡು ಬೀದಿ ನಡ್ಕೊಂಡು ಬಂದೋಳು ಯಾರು? ನಿಮ್ಮಪ್ಪ ಕಾರಲ್ಲಿ ತರ್ತೀನಿ ಅಂದ್ರೂ ಕೇಳ್ಳಿಲ್ಲ. ಹಾಸಿಗೆ ಬಗ್ಗಿಹೋಗುತ್ತೆ ಅಂತ."

"ಹೌದು. ಸೈಕಲ್ ಅಂಗಡಿಯೋರು ಮೆಟ್ಟಿಲು ಹತ್ತಿಸೋಕೆ ಬಂದಿದ್ರು."

"ಅಳೋದು ಬೇರೆ, ಹಾಸಿಗೆ ಹೊರೋದು ಬೇರೆ. ಎರಡೂ ಒಟ್ಟಿಗೆ ಮಾಡ್ಬಹುದು. ನೀನೂ ಬೇಕಾದ್ರೆ ಅಳು. ಆದ್ರೆ ಕಾಲು ತೆಗಿ."

ಬ್ರೇಕಕ್ಕ ನಿಜವಾಗಿಯೂ ಒಂಚೂರು ಅತ್ತಳು. ಅಮ್ಮ ಸಮಾಧಾನ ಗೀಮಾಧಾನ ಏನೂ ಹೇಳದೆ ಸಿಪ್ಪೆಯ ತಟ್ಟೆಯನ್ನು ಅವಳ ಕಡೆ ತಳ್ಳಿದಳು, ಸಿಪ್ಪೆ ಕೆಳಗೆ ಬೀಳದಿರಲಿ ಅಂತ.

"ಮುಂದಿನ ಪರೀಕ್ಷೆಗೆ ನಾನೇ ಕೂರ್ಲಾ? ಈ ಸಲ ಕಾಲು ಮೇಲಿಟ್ಕೊಂಡು ಕೂರ್ತೀನಿ."

ಅಮ್ಮ ಯೋಚನೆ ಮಾಡಿದಳು. ಹೂಂ ಅನ್ನುತ್ತಾಳೆ ಅಂತ ಬ್ರೇಕಕ್ಕ ಕಾದಳು.

"ಬೇಡ ಕಣೇ. ನೀನು ಪಕ್ಕದಲ್ಲಿದ್ರೆ ನಾನು ನಿನ್ನ ಮುಖಾನೇ ನೋಡ್ತಿರ್ತೀನಿ, ಸರಿ ಮಾಡಿದ್ನಾ ಅಂತ. ರಸ್ತೆ ನೋಡೋರು ಯಾರು? ಮೇಷ್ಟ್ರೇ ಇರ್ಲಿ."

ನೋವಾಯಿತು, ಆಗಲಿಲ್ಲ ಅಂದರೆ ಸುಳ್ಳು. ಆದರೆ ಅವಳು ಹೂಂ ಅಂದಳು. ಅವತ್ತು ಅಲ್ಲೇ ಊಟ ಮಾಡಿದಳು.

ಎರಡನೇ ಪರೀಕ್ಷೆಯ ದಿನ ಬ್ರೇಕಕ್ಕ ಪರೀಕ್ಷೆ ಶುರುವಾಗುವ ಅಂಗಳದ ಗೋಡೆಯಾಚೆ ನಿಂತು ಉಗುರು ಕಡಿದಳು. ಹಾರ್ನ್ ಮೇಷ್ಟ್ರ ದನಿ ಮಾತ್ರ ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಪರೀಕ್ಷೆಯಲ್ಲಿ ಮೇಷ್ಟ್ರು ಮಾತಾಡುವ ಹಾಗಿಲ್ಲವಲ್ಲ. ಕಾಲೂ ಇಲ್ಲ, ಬಾಯೂ ಇಲ್ಲ, ಅಮ್ಮ ಪೂರ್ತಿ ಒಬ್ಬಳೇ. ನಿಂತಲ್ಲೇ ಬ್ರೇಕಕ್ಕನ ಬಲಗಾಲು ಮಣ್ಣಿನಲ್ಲಿ ಗುಳಿ ತೋಡಿತ್ತು. ಕಾರು ಬೇಕರಿ ತಿರುವೂ ದಾಟಿ ವಾಪಸು ಬಂದಾಗ ಅಮ್ಮನ ಹಲ್ಲೆಲ್ಲ ಹೊರಗೆ.

"ಪಾಸು!" ಅಂತ ಕೂಗಿದವರು ಮೇಷ್ಟ್ರು. ಬಾಯಿ ಕಟ್ಟಿಹಾಕಿದ್ದಕ್ಕೆಲ್ಲ ಸೇರಿಸಿ ಒಂದೇ ಕೂಗು. ಬ್ರೇಕಕ್ಕ ಅವರಿಗೆ ಕೈ ಮುಗಿದಳು. ಕಾಲಿನ ಬಗ್ಗೆ ಏನೂ ಅನ್ನಲಿಲ್ಲ.

ಮುಂದಿನ ಭಾನುವಾರ ಅಮ್ಮ ಒಬ್ಬಳೇ ಹೊರಟಳು. ಹಿಂದಿನ ದಿನ ಬ್ರೇಕಕ್ಕ, "ಸ್ಕೂಲಿನ ಕಾರಲ್ಲಿ ಹಿಂದೆ ಹಿಂದೆ ಬರ್ತೀನಿ, ನಿಂಗೆ ಕಾಣಿಸೋದೇ ಇಲ್ಲ" ಅಂತ ಕೇಳಿ ನೋಡಿದಳು. "ಬಂದ್ರೆ ವಾರವಿಡೀ ಮಾತಾಡ್ಸಲ್ಲ" ಅಂದಳು ಅಮ್ಮ. ಆ ವಿಷಯ ಅಲ್ಲಿಗೆ ಮುಗಿಯಿತು.

ಎಷ್ಟೋ ವರ್ಷದ ಮೇಲೆ ಬ್ರೇಕಕ್ಕನಿಗೆ ಇಡೀ ಭಾನುವಾರ ಕೈಗೆ ಸಿಕ್ಕಿತು. ಏನು ಮಾಡಬೇಕೋ ತೋಚಲಿಲ್ಲ. ಪರದೆ ಒಗೆದಳು. ಒಣಗಿರಲಿಲ್ಲ, ಹಾಗೇ ಹಾಕಿದಳು. ರೇಡಿಯೋ ಹಾಕಿ ಆರಿಸಿದಳು. ಅಮ್ಮ ತಲುಪುವ ಹೊತ್ತಾಯಿತು, ಫೋನಿಲ್ಲ. ಹೊತ್ತು ಮೀರಿತು, ಫೋನಿಲ್ಲ. ತಾನೇ ಮಾಡೋಣ ಅಂದರೆ, ಅಮ್ಮ ಇನ್ನೂ ಓಡಿಸುತ್ತಿದ್ದರೆ ಗಮನ ತಪ್ಪುತ್ತದೆ. ಡೈರಿ ತೆಗೆದು "ಅಮ್ಮ ಫೋನ್ ಮಾಡಿಲ್ಲ" ಅಂತ ಬರೆದಳು. ಕೆಳಗಿನ ಸಾಲಿನಲ್ಲಿ "ಇನ್ನೂ ಮಾಡಿಲ್ಲ" ಅಂತ ಬರೆದಳು. ಮಧ್ಯಾಹ್ನವಾದ ಮೇಲೆ ಫೋನು ಬಂತು.

"ಅಯ್ಯೋ ಮರೆತೇ ಹೋಯ್ತು ಕಣೇ! ಬಂದ ತಕ್ಷಣ ನಿಮ್ಮ ದೊಡ್ಡಮ್ಮ ಎಲೆ ಹಂಚಿಬಿಟ್ಲು."

"ಒಂದು ಫೋನ್ ಮಾಡೋಕೆ ಏನಾಗಿತ್ತಮ್ಮಾ? ಇಲ್ಲೊಬ್ಬಳು ಕಾಯ್ತಿರ್ತಾಳೆ ಅನ್ನೋ ಜ್ಞಾನ ಬೇಡ್ವಾ? ನಿನ್ನ ಪಾಡಿಗೆ ನೀನು..."

ಹೇಳುತ್ತಾ ಹೇಳುತ್ತಾ ಬ್ರೇಕಕ್ಕ ನಿಲ್ಲಿಸಿದಳು. ಆ ಮಾತುಗಳನ್ನು ಅವಳು ಎಷ್ಟೋ ಸಲ ಕೇಳಿದ್ದಳು, ಹೇಳಿದ್ದು ಇದೇ ಮೊದಲು. ಫೋನಿನ ಆ ಕಡೆ ಅಮ್ಮ ಬಿದ್ದು ಬಿದ್ದು ನಗುತ್ತಿದ್ದಳು. "ಹೇಳೇ, ಹೇಳು! ಪೂರ್ತಿ ಹೇಳು! ಆಮೇಲೆ 'ನಾನು ಸತ್ತ ಮೇಲೆ ಗೊತ್ತಾಗುತ್ತೆ' ಅಂತ ಬರುತ್ತೆ, ಅದನ್ನೂ ಹೇಳು!" ಹಿಂದಿನಿಂದ ದೊಡ್ಡಮ್ಮ, "ಯಾರೇ ಅದು? ನಿನ್ನ ಸರದಿ, ಎಲೆ ಹಾಕು!" ಅಂತ ಕೂಗಿದ್ದೂ ಕೇಳಿಸಿತು.

ಇನ್ನೂ ಬೆಳಕಿರುವಾಗಲೇ ಕೆಳಗೆ ನೀಲಿ ಕಾರು ಬಂದು ನಿಂತಿತು. ಬ್ರೇಕಕ್ಕ ಕಿಟಕಿಗೆ ಓಡಿದಳು. ಅಮ್ಮ ಕಾರಿನಿಂದ ಇಳಿದು ಮೇಲೆ ನೋಡಿ, "ಬರ್ಲಾ, ಕೆಲ್ಸದಲ್ಲಿದೀಯಾ?" ಅಂದಳು. ಹಾಗೆ ಕೇಳಿದ್ದು ಇದೇ ಮೊದಲು. ಬ್ರೇಕಕ್ಕ ಮೆಟ್ಟಿಲಿಳಿದು ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು.

ಒಂಟಿ ಕುರ್ಚಿಯಲ್ಲಿ ಅಮ್ಮ, ಮಂಚದ ತುದಿಯಲ್ಲಿ ಮಗಳು. ಚಹಾ ಮಾಡಿದ್ದು ತಣ್ಣಗಾಯಿತು, ಅಮ್ಮ ಬಾಯಿ ಮುಚ್ಚಲಿಲ್ಲ. ಸೇತುವೆ ಹತ್ತಿರ ಒಬ್ಬ ಲಾರಿಯವನು ಹಿಂದಿನಿಂದ ಹಾರ್ನ್ ಹೊಡೆದೂ ಹೊಡೆದೂ ತಲೆ ತಿಂದನಂತೆ, ಇವಳು ದಾರಿ ಬಿಡದೆ ಇದ್ದಳಂತೆ, ಆಮೇಲೆ ಬಿಟ್ಟು, ಅವನು ಪಕ್ಕಕ್ಕೆ ಬಂದಾಗ ಕೈ ಬೀಸಿದಳಂತೆ, ಅವನೂ ಬೀಸಿದನಂತೆ. ದಾರಿಯಲ್ಲಿ ಚಹಾ ಕುಡಿಯಲು ಒಬ್ಬಳೇ ನಿಲ್ಲಿಸಿದಳಂತೆ, ಜನ್ಮದಲ್ಲಿ ಮೊದಲ ಸಲ. ಅಂಗಡಿಯವನು "ಜೊತೆಗೆ ಯಾರೂ ಇಲ್ವಾ ಅಮ್ಮಾ" ಅಂದನಂತೆ, "ಇದಾರಪ್ಪಾ, ಮನೇಲಿದಾರೆ" ಅಂದಳಂತೆ. ಒಂದು ಕಡೆ ನಿಮ್ಮಪ್ಪನ ನೆನಪು ತುಂಬಾ ಬಂತು, ಪಕ್ಕಕ್ಕೆ ನಿಲ್ಲಿಸಿ ಅತ್ತು, ಮುಖ ಒರೆಸಿಕೊಂಡು ಮುಂದೆ ಹೊರಟೆ ಅಂದಳು. ಅದನ್ನು ನಗುತ್ತಲೇ ಹೇಳಿದಳು.

ಬ್ರೇಕಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. ಆ ರಸ್ತೆಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಅದೆಷ್ಟು ಸಲ ಹೋಗಿದ್ದಳೋ. ಸೇತುವೆಯೂ ಗೊತ್ತು, ಚಹಾದಂಗಡಿಯೂ ಗೊತ್ತು. ಆದರೆ ಅಲ್ಲಿ ನಡೆದದ್ದನ್ನು ಅಮ್ಮ ಅವಳಿಗೆ ಹೇಳುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ತಾನಿಲ್ಲದ ಜಾಗದ ಸುದ್ದಿ ಹೊತ್ತುಕೊಂಡು ಅಮ್ಮ ಅದನ್ನು ಮೊದಲು ಹೇಳಬೇಕು ಅಂತ ಮನೆಗೂ ಹೋಗದೆ ಇಲ್ಲಿಗೆ ಬಂದಿದ್ದಾಳೆ. ಭಾನುವಾರ ಎಲ್ಲೂ ಹೋಗಿರಲಿಲ್ಲ. ಬೆಳಗಿನಿಂದ ಸಂಜೆಗೆ ಸರಿದಿತ್ತು, ಅಷ್ಟೇ.

"ಮುಂದಿನ ವಾರ ನಾನೂ ಬರ್ಲಾ?" ಅಂದಳು. "ನೀನೇ ಓಡ್ಸು. ನಾನು ಹಿಂದೆ ಕೂರ್ತೀನಿ."

ಅಮ್ಮ ತಣ್ಣನೆಯ ಚಹಾ ಒಂದೇ ಗುಟುಕಿಗೆ ಕುಡಿದಳು. "ಮುಂದಿನ ವಾರ ಬೇಡ. ಅಕ್ಕ ನನ್ನ ಇವತ್ತು ಸೋಲಿಸಿಬಿಟ್ಲು, ನೀನಿದ್ರೆ ಆಟದ ಮೇಲೆ ಗಮನ ಇರಲ್ಲ. ಅದ್ರ ಮುಂದಿನ ವಾರ ಬಾ. ಹಿಂದೆ ಕೂತ್ಕೊಂಡು ನಿದ್ದೆ ಮಾಡು, ನೀನು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ, ಕಣ್ಣ ಕೆಳಗೆ ನೋಡು ಹೇಗಾಗಿದೆ..."

"ಅಮ್ಮಾ."

"ಆಯ್ತು ಆಯ್ತು."

ಇಬ್ಬರೂ ಕೆಳಗಿಳಿದರು. ಗಲ್ಲಿ ಕಿರಿದು. ಅಮ್ಮ ಬರುವಾಗ ಕಾರಿನ ಮೂತಿ ಒಳಗೆ ಮಾಡಿ ನಿಲ್ಲಿಸಿದ್ದಳು, ಈಗ ಹಿಂದಕ್ಕೇ ತೆಗೆಯಬೇಕು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಸೈಕಲ್‌ಗಳ ಸಾಲು. ಮೊದಲ ಸಲ ಚರಂಡಿಗೆ ಹತ್ತಿರವಾಯಿತು, ಮುಂದಕ್ಕೆ ತಂದಳು. ಎರಡನೇ ಸಲ ಸೈಕಲ್ಲಿಗೆ. ಬ್ರೇಕಕ್ಕ ಫುಟ್‌ಪಾತಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕು, ಎಷ್ಟು ತಿರುಗಿಸಬೇಕು ಎಲ್ಲ ನಾಲಿಗೆ ತುದಿಯಲ್ಲಿತ್ತು.

ಅಂಗಡಿಯಿಂದ ಸೈಕಲ್‌ನವರು ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. "ಲೆಫ್ಟು, ಲೆಫ್ಟು! ಕಟ್ ಮಾಡಿ ಅಮ್ಮಾ! ಏನಕ್ಕಾ ನೀವು, ಊರಿಗೆಲ್ಲ ಕಲಿಸ್ತೀರಿ, ಸುಮ್ನೆ ನಿಂತು ನೋಡ್ತಿದೀರಲ್ಲ?"

"ನೀವೂ ಸುಮ್ನೆ ನೋಡಿ," ಅಂದಳು ಬ್ರೇಕಕ್ಕ. "ಅವ್ರಿಗೆ ಬರುತ್ತೆ."

ಮೂರನೇ ಸಲಕ್ಕೆ ಬಂತು.